ಮದುವೆಗೆ ಬಂದ ಕೈಗವಸು

ತ್ನೋತ್ ಗ್ರಾಮ, ಕಂಡಾಲ್
ಮಾರ್ಚ್ ೪, ೨೦೦೩

ಪ್ರೀತಿಯ ನಿಮೊಲ್,

ಮದುವೆಗೆ ಬಾರದ ಪಾಪಿ, ಮೊದಲು ಇದನ್ನು ಕೇಳು. ಅರ್ಧ ಊರು ನನಗೆ ಕಂಬಳಿ ಕೊಟ್ಟಿದೆ, ಅದೂ ಈ ಸೆಕೆಯಲ್ಲಿ. ಉಳಿದರ್ಧ ಗಾಜಿನ ಲೋಟ ಕೊಟ್ಟಿದೆ. ಕೈಗವಸು ಕೊಟ್ಟವಳು ನೀನೊಬ್ಬಳೇ. ವೆಲ್ಡಿಂಗ್ ಅಂಗಡಿಯವರು ಹಾಕಿಕೊಳ್ಳುವಂಥ, ಮೊಣಕೈ ಮುಟ್ಟುವ ದಪ್ಪ ಚರ್ಮದ ಕೈಗವಸು. ಜೊತೆಗೆ ಒಂದು ಚೀಟಿಯೂ ಇಲ್ಲ. ಪೊಟ್ಟಣ ಬಿಚ್ಚಿದಾಗ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಪಟ್ಟಣದ ಹುಡುಗಿ ಗಂಡನ್ನ ಬರಿಗೈಲಿ ಮುಟ್ಟಲ್ವಂತೆ’ ಎಂದು ಒಬ್ಬಳು ಹೇಳಿದಳು. ನನಗೂ ನಗು ತಡೆಯಲಾಗಲಿಲ್ಲ. ನನ್ನ ಗಂಡ ವಿರಾಕ್ ಮಾತ್ರ ನಗಲಿಲ್ಲ. ಅತ್ತೆ ಯಾರು ಕಳಿಸಿದ್ದು ಎಂದು ಕೇಳಿದರು. ನಿನ್ನ ಹೆಸರು ಹೇಳಿದೆ. ‘ಓಹೋ’ ಎಂದು ಎದ್ದು ಒಳಗೆ ಹೋದರು.

ನಿಮೊಲ್, ನಾನು ಎಷ್ಟು ಸುಖವಾಗಿದ್ದೇನೆ ಎಂದರೆ ನನಗೇ ಭಯವಾಗುತ್ತದೆ. ನೀನು ಹುಟ್ಟಿ ಬೆಳೆದ ಊರಿಗೆ ನಾನು ಸೊಸೆ, ನೋಡು. ಬೇಲಿಯಾಚೆ ಬೀಗ ಹಾಕಿದ ನಿಮ್ಮ ಮನೆ ಕಾಣುತ್ತದೆ. ನೀನು ಫ್ನೋಮ್ ಪೆನ್‌ನ ನಮ್ಮ ಮನೆಯಲ್ಲಿದ್ದು ಟೀಚರ್ ಟ್ರೈನಿಂಗ್ ಮಾಡದಿದ್ದರೆ, ‘ಪಕ್ಕದ ಮನೆಯವನು’ ಎಂದು ವಿರಾಕ್ ನಿನಗೆ ತಾಳೆಬೆಲ್ಲ ತಂದುಕೊಡದಿದ್ದರೆ, ಕೊನೆಯ ವರ್ಷ ನೀನು ಅವನು ಬಂದಾಗಲೆಲ್ಲ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತ ಕೂರದಿದ್ದರೆ, ಅವನಿಗೆ ಟೀ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತೇ? ನನ್ನ ಗಂಡ ನೀನು ಕೊಟ್ಟ ಉಡುಗೊರೆ, ಕೈಗವಸಲ್ಲ.

ಈಗ ಬಾವಲಿಗಳ ವಿಷಯ. ಇಷ್ಟು ವರ್ಷ ಒಂದೇ ಚಾಪೆಯಲ್ಲಿ ಮಲಗಿ ನೀನು ಇದನ್ನೆಲ್ಲ ನನಗೇಕೆ ಹೇಳಲಿಲ್ಲ? ತೆಂಗಿನ ಮರಗಳ ಕೊರಳಿಗೆ ಒಣ ತಾಳೆಗರಿಗಳನ್ನು ಲಂಗ ಉಡಿಸಿದ ಹಾಗೆ ಕಟ್ಟಿದ್ದಾರೆ. ಹಗಲೆಲ್ಲ ಆ ಲಂಗದೊಳಗೆ ಕಿಚಿಪಿಚಿ, ಜಗಳ, ತಳ್ಳಾಟ. ಹೊತ್ತು ಮುಳುಗುತ್ತಲೇ ಅಂಚಿನಿಂದ ಒಂದೊಂದಾಗಿ ಕೆಳಕ್ಕೆ ಉದುರುತ್ತವೆ, ನೆಲ ಮುಟ್ಟುವ ಮೊದಲೇ ರೆಕ್ಕೆ ಬಿಚ್ಚುತ್ತವೆ. ನಾನು ದಿನಾ ಬಾಯಿ ತೆರೆದುಕೊಂಡು ನೋಡುತ್ತೇನೆ. ಬೆಳಿಗ್ಗೆ ಮರದ ಬುಡದ ನೀಲಿ ಬಲೆಯಿಂದ ಹಿಕ್ಕೆ ಗುಡಿಸಿ ಒಣಗಿಸಿ ಚೀಲ ತುಂಬುವುದು ನನ್ನ ಕೆಲಸ. ಮೆಣಸಿನ ತೋಟದವರು ಗೊಬ್ಬರಕ್ಕೆಂದು ಬಂದು ಕೊಂಡೊಯ್ಯುತ್ತಾರೆ. ಕರಿಯ ಎಂಬ ನಾಯಿ ಇದೆ, ಒಂದು ಕಿವಿ ಹರಿದಿದೆ, ನಾನು ಎಲ್ಲಿ ಹೋದರೂ ಹಿಂದೆಯೇ ಬರುತ್ತದೆ.

ನಿನ್ನ ಅಪ್ಪ ಜ್ವರದಲ್ಲಿ ಹೋದಾಗಿನಿಂದ ಈ ಊರಿನ ಮಾತೆತ್ತಿದರೆ ನೀನು ಸುಮ್ಮನಾಗುತ್ತೀಯ. ಗೊತ್ತು. ಆದರೂ ಕೇಳುತ್ತೇನೆ, ಇನ್ಯಾರನ್ನು ಕೇಳಲಿ? ಇವುಗಳ ಕೆಳಗೆ ಹೇಗೆ ಬದುಕಬೇಕು? ಏನು ಮುಟ್ಟಬಹುದು, ಏನು ಮುಟ್ಟಬಾರದು? ಅತ್ತೆಯ ಮುಂದೆ ಪೆದ್ದಿಯಾಗಲು ನನಗೆ ಇಷ್ಟವಿಲ್ಲ. ಈ ಅಂಗಳ ನನ್ನನ್ನು ತನ್ನವಳು ಎನ್ನಬೇಕು, ನನಗೆ ಅಷ್ಟೇ ಆಸೆ.

ಬಟ್ಟಂಬಾಂಗ್‌ಗೆ ಹೋಗುವ ಬಾಡಿಗೆ ಕಾರಿನ ಹೆಂಗ್ ಮಾಮನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವನ ಕೈಯಲ್ಲೇ ಉತ್ತರ ಕಳಿಸು.

ನಿನ್ನ ಹುಚ್ಚಿ,
ರಾಸ್ಮಿ


ಬಟ್ಟಂಬಾಂಗ್
ಮಾರ್ಚ್ ೧೯, ೨೦೦೩

ರಾಸ್ಮಿ,

ಪತ್ರ ತಲುಪಿತು. ನಾಲ್ಕನೇ ತರಗತಿಯ ಪರೀಕ್ಷೆ ಇತ್ತು, ತಡವಾಯಿತು.

ಕೇಳಿದ್ದಕ್ಕೆ ಉತ್ತರ. ಮರದ ಕೆಳಗೆ ನಿಂತು ಬಾಯಿ ತೆರೆದು ನೋಡಬೇಡ. ಮಳೆನೀರಿನ ಗುಡಾಣಗಳಿಗೆ ಸದಾ ಮುಚ್ಚಳವಿರಲಿ. ನಿನ್ನ ಅತ್ತೆ ಅರ್ಧ ಮುಚ್ಚಿ ಬಿಡುತ್ತಾರೆ, ನೀನು ಪೂರ್ತಿ ಮುಚ್ಚು. ಕುಡಿಯುವ ನೀರು ಕುದಿಸು. ಗುಡಿಸುವಾಗ ಮೂಗು ಬಾಯಿಗೆ ಬಟ್ಟೆ ಸುತ್ತು, ಧೂಳೇಳದಂತೆ ಮೊದಲು ನೀರು ಚಿಮುಕಿಸು. ಗಾಳಿ ಬೀಸುವ ಕಡೆಗೆ ಬೆನ್ನಿರಲಿ. ಮರದಡಿ ಅಡುಗೆ ಬೇಡ, ಊಟ ಬೇಡ, ಬಟ್ಟೆ ಒಣಹಾಕುವುದು ಬೇಡ. ಬಿದ್ದ ಹಣ್ಣು ಕಚ್ಚಿದ್ದಾಗಿದ್ದರೆ ಹಂದಿಗೂ ಹಾಕಬೇಡ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆ. ಅವು ಮರದಲ್ಲಿರುವಷ್ಟು ಹೊತ್ತು ನಿನಗೆ ಏನೂ ಮಾಡುವುದಿಲ್ಲ. ಸೊಳ್ಳೆ ತಿನ್ನುತ್ತವೆ. ಒಳ್ಳೆಯ ಜೀವಗಳು.

ಅಪ್ಪ ಜ್ವರದಲ್ಲಿ ಸಾಯಲಿಲ್ಲ. ಹೇಗೆ ಸತ್ತರೆಂದು ನಿನ್ನ ಅತ್ತೆಯನ್ನು ಕೇಳು. ನಾನು ಹೇಳುವುದಿಲ್ಲ. ಅವರ ಬಾಯಿಂದಲೇ ಬರಲಿ. ಅವರು ನಿಜ ಹೇಳಿದರೆ ಕೈಗವಸನ್ನು ಏಕೆ ಕೊಟ್ಟೆನೆಂದು ತಾನೇ ತಿಳಿಯುತ್ತದೆ.

ನಿಮೊಲ್


ತ್ನೋತ್ ಗ್ರಾಮ
ಏಪ್ರಿಲ್ ೧೦, ೨೦೦೩

ಪ್ರೀತಿಯ ನಿಮೊಲ್,

ನಿನ್ನ ಪತ್ರ ಓದಿದರೆ ಟೀಚರಮ್ಮನ ನೋಟೀಸು ಓದಿದಂತಾಯಿತು, ಆದರೂ ಎದೆಗೊತ್ತಿಕೊಂಡೆ. ನೀನು ಹೇಳಿದಂತೆಯೇ ಮಾಡುತ್ತಿದ್ದೇನೆ. ಗುಡಾಣಗಳನ್ನೆಲ್ಲ ಮುಚ್ಚಿದೆ, ಅತ್ತೆ ಕೂಡ ಮೆಚ್ಚಿದರು. ಮೆಚ್ಚಿದರು ಎಂದರೆ ಬೈಯಲಿಲ್ಲ.

ನಿನ್ನ ಅಪ್ಪನ ವಿಷಯ ಕೇಳಿದೆ. ಅಯ್ಯೋ ನಿಮೊಲ್, ನನಗೆ ಗೊತ್ತೇ ಇರಲಿಲ್ಲ. ಅತ್ತೆ ಮೀನಿನ ಹುರುಪೆ ತೆಗೆಯುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು: ‘ನಾಯಿ ಕಚ್ತು. ಇನ್ನೇನು. ಆ ನಾಯೀನ ಅವತ್ತೇ ಹೊಡೆದು ಹಾಕಿದ್ವಿ. ಇದರವ್ವ ಅದು.’ ಹಾಗೆಂದು ಕರಿಯನ ಕಡೆ ಮೀನಿನ ಕರುಳು ಎಸೆದರು. ಪಾಪ, ನಾಯಿ ಕಚ್ಚಿ ಸಾಯುವುದೆಂದರೆ. ಆ ದಿನವೆಲ್ಲ ನನಗೆ ಊಟ ಸೇರಲಿಲ್ಲ. ಕರಿಯನನ್ನು ಮುಟ್ಟಲೂ ಹೆದರಿಕೆಯಾಯಿತು. ಆಮೇಲೆ ಅದರ ಮುಖ ನೋಡಿ ಮನಸ್ಸು ಕರಗಿತು, ತಾಯಿ ಮಾಡಿದ ತಪ್ಪಿಗೆ ಮಗ ಏನು ಮಾಡುತ್ತಾನೆ.

ಕೈಗವಸು ನಾಯಿಗಾಗಿ ಎಂದು ಈಗ ತಿಳಿಯಿತು. ನಿನ್ನ ಪ್ರೀತಿ ದೊಡ್ಡದು. ಆದರೆ ಕೋಪಿಸಿಕೊಳ್ಳಬೇಡ, ಅದನ್ನು ಅತ್ತೆ ಮೆಣಸಿನ ಗಿಡಗಳ ಬೆದರುಬೊಂಬೆಯ ಕೈಗೆ ತೊಡಿಸಿಬಿಟ್ಟಿದ್ದಾರೆ. ಈಗ ಆ ಬೊಂಬೆ ನಮ್ಮ ಹೆಡ್‌ಮಿಸ್ಟ್ರೆಸ್ ಥರ ಕಾಣುತ್ತದೆ. ದಿನಾ ಗುಡ್ ಮಾರ್ನಿಂಗ್ ಹೇಳುತ್ತೇನೆ.

ಇನ್ನೊಂದು ಸುದ್ದಿ, ನನಗೆ ಇದಕ್ಕಿಂತ ಸಂತೋಷದ್ದು ಬೇರೆ ಇಲ್ಲ. ಈ ಮನೆಗೆ ಒಂದು ಪದ್ಧತಿ ಇದೆಯಂತೆ. ಮರಿ ಹಾಕುವ ಕಾಲದಲ್ಲಿ ಮೊದಲು ಬಲೆಗೆ ಬಿದ್ದ ಬಾವಲಿಯನ್ನು ಹೊಸ ಸೊಸೆಯೇ ಬರಿಗೈಯಲ್ಲಿ ಎತ್ತಿ, ಏಣಿ ಹತ್ತಿ, ತನ್ನ ಹೆಸರು ಹೇಳಿ ಗರಿಯ ಲಂಗಕ್ಕೆ ಹಚ್ಚಬೇಕು. ಆಗ ಅವು ಅವಳ ಕೈವಾಸನೆ ಹಿಡಿದುಕೊಳ್ಳುತ್ತವೆ. ಹಾಗೆ ಮಾಡದಿದ್ದರೆ ಹಿಂಡು ಮರ ಬಿಟ್ಟು ಹೋಗುತ್ತದೆ, ಮನೆಯ ಭಾಗ್ಯವೂ ಹಿಂದೆಯೇ ಹೋಗುತ್ತದೆ. ‘ನಮ್ಮ ಮನೆ ಬಾವಲಿ ಮನೆಯವರನ್ನ ಕಚ್ಚಲ್ಲ’ ಎನ್ನುತ್ತಾರೆ ಅತ್ತೆ. ಅವರ ಅತ್ತೆ ಅವರಿಂದ ಮಾಡಿಸಿದ್ದರಂತೆ. ಮುಂದಿನ ತಿಂಗಳು ನನ್ನ ಸರದಿ. ನಿನಗಿದು ಗೊತ್ತಿತ್ತೇ? ಹೊಸ ವರ್ಷಕ್ಕೆ ತಾಳೆಬೆಲ್ಲ ಕಳಿಸಿದ್ದೇನೆ.

ನಿನ್ನ ಹುಚ್ಚಿ,
ರಾಸ್ಮಿ


ತ್ನೋತ್ ಗ್ರಾಮ
ಮೇ ೨, ೨೦೦೩

ನಿಮೊಲ್,

ಹೆಂಗ್ ಮಾಮ ಬರಿಗೈಯಲ್ಲಿ ಬಂದ. ಕಳೆದ ಸಲವೂ ಬರಿಗೈ. ‘ಟೀಚರಮ್ಮ ಬೆಲ್ಲ ತಗೊಂಡ್ರು, ಕಾಗದ ಕೇಳಿದ್ರೆ ಏನೂ ಇಲ್ಲ ಅಂದ್ರು’ ಎನ್ನುತ್ತಾನೆ. ನಾನೇನು ತಪ್ಪು ಬರೆದೆ? ಕೈಗವಸನ್ನು ಬೊಂಬೆಗೆ ಹಾಕಿದ್ದಕ್ಕೇ? ಹಾಕಿದವಳು ನಾನಲ್ಲ.

ಮರಿಗಳು ಹುಟ್ಟಿವೆ. ಲಂಗದೊಳಗಿನ ಸದ್ದೇ ಬದಲಾಗಿದೆ, ತೀರ ಸಣ್ಣ ಸದ್ದು, ಬೀಗದಲ್ಲಿ ಕೀಲಿ ತಿರುಗಿದ ಹಾಗೆ. ನಾನು ದಿನಕ್ಕೆ ಹತ್ತು ಸಲ ಬಲೆ ನೋಡುತ್ತೇನೆ, ವಿರಾಕ್ ನಗುತ್ತಾನೆ. ಎಲ್ಲ ಗಂಡ ಹೆಂಡಿರ ಹಾಗೆ ಈಗ ನಾನು ಅವನನ್ನು ಬಾಂಗ್ ಎನ್ನುತ್ತೇನೆ, ಅವನು ನನ್ನನ್ನು ಓನ್ ಎನ್ನುತ್ತಾನೆ. ಮೊನ್ನೆ ನಾನು, ‘ಬಾಂಗ್, ಕಚ್ಚಿದರೆ ಏನು ಮಾಡುವುದು’ ಎಂದು ಸುಮ್ಮನೆ ಕೇಳಿದೆ. ಅವನು ನಗುವುದನ್ನು ನಿಲ್ಲಿಸಿ ಬೇಲಿಯಾಚೆ ನಿಮ್ಮ ಮನೆಯ ಕಡೆ ನೋಡಿದ. ‘ಅಮ್ಮ ಅದೆಲ್ಲ ನೋಡ್ಕೋತಾಳೆ ಓನ್’ ಎಂದ.

ಆ ದಿನಕ್ಕೆ ಮುಂಚೆ ನಿನ್ನದೊಂದು ಮಾತು ಬಂದರೆ ನನಗೆ ಧೈರ್ಯ. ಬರೆ ಕಣೇ.

ರಾಸ್ಮಿ


ತ್ನೋತ್ ಗ್ರಾಮ
ಮೇ ೨೧, ೨೦೦೩

ನಿಮೊಲ್,

ಮುಗಿಯಿತು. ಇನ್ನು ನಾನು ಈ ಮನೆಯವಳು, ಬಾವಲಿಗಳ ಸಾಕ್ಷಿಯಾಗಿ.

ಸೋಮವಾರ ಹೊತ್ತೇರಿದ ಮೇಲೆ ಬಲೆ ನೋಡಿದರೆ ಬಿದ್ದದ್ದು ಮರಿಯಲ್ಲ, ದೊಡ್ಡದೇ. ಎದೆಗೆ ಮರಿ ಅಂಟಿಕೊಂಡಿತ್ತು. ಬಿಸಿಲಿನಲ್ಲಿ ಬಲೆಯ ಮೇಲೆ ತೆವಳುತ್ತಿತ್ತು, ಕಡ್ಡಿ ಮುಟ್ಟಿಸಿದರೂ ಹಾರಲಿಲ್ಲ. ವಿರಾಕ್ ಮೆಲ್ಲನೆ ಹೇಳಿದ: ‘ಅಮ್ಮಾ, ಇದು ಹುಷಾರಿಲ್ದಿರೋದು. ಬೇಡ. ಮರಿ ಬೀಳೋವರ್ಗೂ ಕಾಯೋಣ.’ ಅತ್ತೆ, ‘ತಾಯಿ ಮಗು ಜೋಡಿಯಾಗಿ ಬಂದವೆ. ಇದಕ್ಕಿಂತ ಶುಭ ಎಲ್ಲಿ ಸಿಗುತ್ತೆ? ಹೆಂಡ್ತಿ ಮೇಲೆ ಆಸೆ ಇದ್ರೆ ಮನೇಲಿ ಇಟ್ಕೋ, ಅಂಗಳದಲ್ಲಿ ಬೇಡ’ ಎಂದರು. ಅಕ್ಕಪಕ್ಕದವರೆಲ್ಲ ಬಂದಿದ್ದರು. ಎಲ್ಲರೂ ನಕ್ಕರು. ಅವನು ಏಣಿ ಹಿಡಿದುಕೊಂಡ.

ನಾನು ಎತ್ತಿದೆ. ನಿಮೊಲ್, ಅದು ಎಷ್ಟು ಬೆಚ್ಚಗಿತ್ತು ಗೊತ್ತೇ, ಒಲೆಯ ಬದಿಯಲ್ಲಿಟ್ಟ ವೀಳ್ಯದೆಲೆಯ ಹಾಗೆ. ಹಳದಿ ಹೊಟ್ಟೆ. ನಾನು ನನ್ನ ಹೆಸರು ಹೇಳಿದೆ. ಲಂಗಕ್ಕೆ ಹಚ್ಚುವಾಗ ಅದು ತಲೆ ತಿರುಗಿಸಿ ನನ್ನ ಉಂಗುರದ ಬೆರಳನ್ನು ಕಚ್ಚಿ ಹಿಡಿದುಕೊಂಡಿತು. ಮುಳ್ಳು ಚುಚ್ಚಿದಷ್ಟೇ ನೋವು. ನಾನು ಕೂಗಲಿಲ್ಲ, ಅದು ನನ್ನ ಹೆಮ್ಮೆ. ಕೆಳಗಿಳಿದ ಮೇಲೆ ರಕ್ತದ ಎರಡು ಚುಕ್ಕೆ. ಅತ್ತೆ ಅರಿಶಿನ ಮತ್ತು ಅಕ್ಕಿಯ ಸಾರಾಯಿ ಹಚ್ಚಿ, ‘ಮುತ್ತು ಕೊಟ್ಟಿದೆ ಕಣೇ ನಿಂಗೆ’ ಎಂದರು. ನನ್ನ ಗಲ್ಲ ಮುಟ್ಟಿ ಹೇಳಿದರು. ಮೊದಲ ಸಲ ಮುಟ್ಟಿದ್ದು.

ಆದರೆ ವಿರಾಕ್ ಅಂದಿನಿಂದ ಸರಿಯಾಗಿ ಉಣ್ಣುತ್ತಿಲ್ಲ. ನಿನ್ನೆ ಮೆಣಸಿನ ತೋಟದವರ ದೋಣಿಗೆ ಹಿಕ್ಕೆಯ ಚೀಲ ಹಾಕುವಾಗ ಕೇಳಿದ: ‘ನಿಮೊಲ್‌ಗೆ ಬರೀತೀಯಲ್ಲ, ಕೇಳು. ಇಂಜೆಕ್ಷನ್ ಬೇಕು ಅಂತ ಅವಳಂದ್ರೆ ಫ್ನೋಮ್ ಪೆನ್‌ಗೆ ಕರ್ಕೊಂಡ್ ಹೋಗ್ತೀನಿ. ಅಮ್ಮ ಏನಾದ್ರೂ ಅಂದ್ಕೊಳ್ಲಿ.’ ನನಗೆ ಹೋಗುವ ಮನಸ್ಸಿಲ್ಲ. ಹೋದರೆ ಊರೆಲ್ಲ, ಬಾವಲಿ ಹೊಸ ಸೊಸೆಯನ್ನು ಒಪ್ಪಲಿಲ್ಲ ಎನ್ನುತ್ತದೆ. ಆದರೆ ಅವನ ಸಮಾಧಾನಕ್ಕೆ ಕೇಳುತ್ತಿದ್ದೇನೆ. ಒಂದೇ ಮಾತು ಬರೆ. ಬೇಕು, ಇಲ್ಲವೇ ಬೇಡ.

ನಿನ್ನ ಹುಚ್ಚಿ,
ರಾಸ್ಮಿ


ಬಟ್ಟಂಬಾಂಗ್
ಮೇ ೨೩, ೨೦೦೩

ರಾಸ್ಮಿ,

ಬೇಕು. ಈ ಪತ್ರ ಓದಿದ ತಕ್ಷಣ ಹೊರಡು. ಹೆಂಗ್ ಮಾಮನಿಗೆ ಇಡೀ ಕಾರು ನಿನಗಾಗಿ ಹೇಳಿದ್ದೇನೆ, ನಿನ್ನನ್ನು ಕೂರಿಸಿಕೊಂಡೇ ಹೊರಡುತ್ತಾನೆ, ದಾರಿಯಲ್ಲಿ ಯಾರನ್ನೂ ಹತ್ತಿಸುವುದಿಲ್ಲ. ಫ್ನೋಮ್ ಪೆನ್‌ನ ನಾಯಿ ಕಡಿತದ ಆಸ್ಪತ್ರೆಗೆ ಹೋಗಿ ಬಾವಲಿ ಕಚ್ಚಿತು ಎಂದೇ ಹೇಳು. ಅವರು ಹೇಳಿದ ಅಷ್ಟೂ ಚುಚ್ಚುಮದ್ದು ತಪ್ಪಿಸದೆ ಹಾಕಿಸಿಕೊ. ಹೊರಡುವ ಮೊದಲು ಆ ಬೆರಳನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತುಂಬ ಹೊತ್ತು ತೊಳೆ. ತಡವಾಯಿತು ಎಂದು ಕೈಬಿಡಬೇಡ. ಬಾವಲಿಯಿಂದಲೂ ಬರುವ ಆ ಹುಚ್ಚುನಾಯಿ ರೋಗದ ಲಕ್ಷಣ ಕಾಣುವವರೆಗೆ ತಡವಿಲ್ಲ. ಕಂಡ ಮೇಲೆ ಔಷಧವೇ ಇಲ್ಲ.

ಅಪ್ಪನನ್ನು ಕಚ್ಚಿದ್ದು ನಾಯಿಯಲ್ಲ. ಹಗಲು ಹೊತ್ತು ನಿನ್ನ ಅತ್ತೆಯ ಬಲೆಯಲ್ಲಿ ತೆವಳುತ್ತಿದ್ದ ಬಾವಲಿ. ಪಕ್ಕದ ಮನೆಯವರೆಂದು ಬಲೆ ಬಿಚ್ಚಲು ಕರೆದಿದ್ದರು. ಬರಿಗೈಯಲ್ಲಿ ಎತ್ತಿದರು. ಕೊನೆಗೆ ಲೋಟ ಕಂಡರೆ ಗಂಟಲು ಹಿಡಿದುಕೊಂಡು ಗೋಡೆಗೆ ಸರಿಯುತ್ತಿದ್ದರು, ಬೀಸಣಿಗೆಯ ಗಾಳಿ ತಾಗಿದರೆ ಕಿರುಚುತ್ತಿದ್ದರು. ನಾನು ಕಾಲು ಹಿಡಿದುಕೊಂಡಿದ್ದೆ. ವಿರಾಕ್ ಹೆಗಲು ಹಿಡಿದುಕೊಂಡಿದ್ದ. ಅವನನ್ನು ಕೇಳು.

ಅಪ್ಪ ಹೋದ ಮೇಲೆ ನಾನು ಊರಿನ ಮುಖ್ಯಸ್ಥರ ಮುಂದೆ ಹೋಗಿ, ಮರ ಕಡಿಯುವುದು ಬೇಡ, ಬಿದ್ದದ್ದನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದೆಂದು ಹೇಳಿಸಿ ಎಂದು ಕೇಳಿದೆ. ಅಷ್ಟೇ ಕೇಳಿದ್ದು. ನಿನ್ನ ಅತ್ತೆ ನಾಯಿ ಎಂದರು. ಊರೂ ನಾಯಿ ಎಂದಿತು.

ಇದನ್ನೆಲ್ಲ ಮೊದಲ ಪತ್ರದಲ್ಲೇ ಬರೆಯಬಹುದಿತ್ತು. ಪದ್ಧತಿಯ ಸುದ್ದಿ ಬಂದ ಮೇಲಾದರೂ ಬರೆಯಬಹುದಿತ್ತು. ನಾಯಿ ಎಂದು ನೀನು ಬರೆದ ಸಾಲು ಓದಿ ಪೆನ್ನು ಕೆಳಗಿಟ್ಟುಬಿಟ್ಟೆ, ನಿನ್ನ ಸುಖವೂ ಆ ಸಾಲಿನ ಪಕ್ಕದಲ್ಲೇ ಇತ್ತು. ಆ ಮಾತು ಈಗ ಬೇಡ. ಹೊರಡು. ನಾನೇ ಬರುತ್ತಿದ್ದೆ, ಆದರೆ ಆ ಅಂಗಳಕ್ಕೆ ಕಾಲಿಡುವುದಿಲ್ಲವೆಂದು ಅಪ್ಪನ ಚಿತೆಯ ಮುಂದೆ ಹೇಳಿದ್ದೇನೆ.

ನಿಮೊಲ್


ತ್ನೋತ್ ಗ್ರಾಮ
ಮೇ ೨೫, ೨೦೦೩

ನಿಮೊಲ್ ಟೀಚರ್ ಅವರಿಗೆ,

ನಿಮ್ಮ ಕಾರು ಬಂತು. ಖಾಲಿ ಹೋಗಬಾರದೆಂದು ಒಂದು ಗೊನೆ ಬಾಳೆಕಾಯಿ ಹಾಕಿಸಿದ್ದೇನೆ.

ನಿನ್ನ ಪತ್ರವನ್ನು ಜಗಲಿಯ ಮೇಲೆ ಎಲ್ಲರ ಮುಂದೆ ಓದಿದೆ, ಅತ್ತೆಗೆ ಅಕ್ಷರ ಬಾರದಲ್ಲ. ಚೀಲಕ್ಕೆ ಬಟ್ಟೆಯನ್ನೂ ತುಂಬಿಕೊಂಡಿದ್ದೆ, ಗೊತ್ತೇ? ಆಗ ಅತ್ತೆ ವೀಳ್ಯ ಉಗುಳಿ ಕೇಳಿದರು: ‘ಇವಳ ಮಾತು ಕೇಳು ಅಂದೋನು ಯಾರು?’ ವಿರಾಕ್ ಎಂದೆ. ‘ಅನ್ನದೆ ಏನು ಮಾಡ್ತಾನೆ. ಇವನಿಗೆ ಅಂತ ಅವಳ ಮನೆಗೆ ವೀಳ್ಯ ಅಡಿಕೆ ಕಳಿಸಿದ್ದೆ. ನಾನೇ ವಾಪಸ್ ತರಿಸ್ಕೊಂಡೆ. ಅವತ್ತಿಂದ ನನ್ನ ಮನೆ ಅಂದ್ರೆ ಅವಳಿಗೆ ಹೊಟ್ಟೆ ಉರಿ. ಒಳಗೆ ಬರಕ್ಕೆ ಆಗ್ಲಿಲ್ಲ, ಬಂದೋಳನ್ನ ಹೊರಗೆ ಎಳೀತವಳೆ. ಹೋಗು, ಕಾರು ಕಳಿಸವಳೆ ಮಹಾರಾಣಿ. ಹೋದೋಳು ಅಲ್ಲೇ ಇರು.’

ನಾನು ವಿರಾಕ್‌ನನ್ನು ನೋಡಿದೆ. ‘ಹೌದಾ ಬಾಂಗ್?’ ಎಂದೆ. ‘ಹಳೇದು’ ಎಂದ. ‘ಅವಳಪ್ಪನ್ನ ಕಚ್ಚಿದ್ದು ನಾಯೀನಾ?’ ಎಂದೆ. ಅವನು ಅಮ್ಮನ ಮುಖ ನೋಡಿದ. ‘ನಾಯಿ’ ಎಂದ.

ತಾಳೆಬೆಲ್ಲ ಕೊಡಲು ಬರುತ್ತಿದ್ದನಂತೆ. ನನ್ನ ಮನೆಯಲ್ಲಿ, ನನ್ನ ಹಳೆಯ ಅಂಗಿ ತೊಟ್ಟು, ನನ್ನ ಇಂಗ್ಲಿಷ್ ನೋಟ್ಸ್ ನಕಲು ಮಾಡಿ ಟೀಚರ್ ಆದವಳು ನೀನು. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಡಲಿಲ್ಲ. ನಾನು ಅವನ ಬಗ್ಗೆ ನಿನ್ನ ಕಿವಿಯಲ್ಲಿ ಹೇಳಿದ್ದನ್ನೆಲ್ಲ ನೀನು ಸುಮ್ಮನೆ ಕೇಳಿಸಿಕೊಂಡೆ. ಒಳಗೊಳಗೆ ನಗುತ್ತಿದ್ದೆಯಾ, ಅಳುತ್ತಿದ್ದೆಯಾ? ಎಷ್ಟು ಚೆನ್ನಾಗಿ ಬರೆಯುತ್ತೀಯ ನೀನು, ಗಂಟಲು, ಗೋಡೆ, ಬೀಸಣಿಗೆ. ಓದಿದ ರಾತ್ರಿ ಕನಸಿನಲ್ಲಿ ಬರಲಿ ಎಂದು ತಾನೇ?

ಬೆರಳು ವಾಸಿಯಾಗಿದೆ. ಗುರುತೂ ಇಲ್ಲ. ಉಂಗುರ ಅದರ ಮೇಲೆಯೇ ಇದೆ, ನಿನಗೆ ಬರಬೇಕಿದ್ದ ಉಂಗುರ. ನಿನ್ನ ಕೈಗವಸಿನ ಮೇಲೆ ಕಾಗೆ ಕೂರುತ್ತಿದೆ.

ರಾಸ್ಮಿ, ವಿರಾಕ್‌ನ ಹೆಂಡತಿ


ಬಟ್ಟಂಬಾಂಗ್
ಜೂನ್ ೩, ೨೦೦೩

ವಿರಾಕ್,

ನಾಲ್ಕು ಸಾಲು ಬರೆಯುತ್ತೇನೆ, ಅದಕ್ಕಿಂತ ಹೆಚ್ಚು ಓದುವ ಧೈರ್ಯ ನಿನಗಿಲ್ಲ.

ಅಪ್ಪನ ಹೆಗಲು ಹಿಡಿದವನು ನೀನು. ಅವರ ಜೊಲ್ಲು ನಿನ್ನ ಅಂಗಿಯ ಮೇಲೆ ಬಿದ್ದಿತ್ತು. ಅದನ್ನು ಬಾವಿಕಟ್ಟೆಯಲ್ಲಿ ತೊಳೆಯುತ್ತ, ‘ಬಾವಲಿ ಅಂತ ನಂಗೂ ಗೊತ್ತು ನಿಮೊಲ್, ಅಮ್ಮನ ಮುಂದೆ ಹೇಳಕ್ಕಾಗಲ್ಲ’ ಎಂದಿದ್ದೆ. ಅದಕ್ಕೇ ನಾನು ನಿನಗೆ ಬಾಗಿಲು ಹಾಕಿದ್ದು. ನಿನ್ನ ತಾಯಿ ವೀಳ್ಯ ಅಡಿಕೆ ವಾಪಸ್ ಕೇಳಿದ್ದಕ್ಕಲ್ಲ.

ಅವಳು ನನ್ನ ಮಾತು ನಂಬುವುದಿಲ್ಲ. ನಿನ್ನದನ್ನು ನಂಬುತ್ತಾಳೆ. ನಿನ್ನ ಊರಿಂದ ನಗರಕ್ಕೆ ಒಂದು ಬೆಳಗಿನ ದಾರಿ. ಮೋಟಾರ್ ಸೈಕಲ್ ಇದೆ. ಸುಳ್ಳು ಹೇಳು, ತವರಿಗೆ ಹೋಗೋಣ ಎನ್ನು, ಸಿನಿಮಾ ಎನ್ನು.

ನಿಮೊಲ್


ತ್ನೋತ್ ಗ್ರಾಮ
ಜುಲೈ ೨೮, ೨೦೦೩

ನಿಮೊಲ್, ನನ್ನ ಬಂಗಾರ,

ಎರಡು ತಿಂಗಳು ನಿನ್ನ ಮೇಲೆ ಕೋಪ ಮಾಡಿಕೊಂಡು ನೋಡಿದೆ, ಆಗಲಿಲ್ಲ. ಮೊದಲು ಸುದ್ದಿ ಹೇಳುತ್ತೇನೆ. ನಾನು ಬಸುರಿ ಎನ್ನುತ್ತಾರೆ. ಅತ್ತೆ ಹೇಳುತ್ತಾರೆ, ಊರಿನ ಹೆಂಗಸರೆಲ್ಲ ಹೇಳುತ್ತಾರೆ. ಎರಡು ದಿನದಿಂದ ಮೈ ಬಿಸಿ, ತಲೆನೋವು, ಏನು ಕಂಡರೂ ವಾಕರಿಕೆ. ಹುಳಿ ಸಾರು ಮಾಡಿಸಿಕೊಟ್ಟರು, ಬಾಯಿಗೆ ತಂದರೆ ಗಂಟಲು ಹಿಂಡಿದ ಹಾಗಾಗುತ್ತದೆ. ನೀರು ಕೂಡ ಸೇರುವುದಿಲ್ಲ. ಅತ್ತೆ ಹೇಳುತ್ತಾರೆ, ಗಂಡು ಮಗುವಾದರೆ ಹೀಗೇ, ತಾಯಿಗೆ ನೀರು ಒಗ್ಗುವುದಿಲ್ಲ ಎಂದು. ಅತ್ತೆ ಈಗ ನನ್ನ ತಲೆ ಬಾಚುತ್ತಾರೆ ನಿಮೊಲ್. ಅವರೇ ಬಾಚುತ್ತಾರೆ.

ಎಷ್ಟು ವಿಚಿತ್ರ ನೋಡು, ಆ ಬೆರಳಿನಲ್ಲಿ ಇರುವೆ ಹರಿದಂತಾಗುತ್ತದೆ, ಹೆಗಲವರೆಗೆ ಹರಿಯುತ್ತದೆ. ಉಂಗುರ ತೆಗೆದಿಟ್ಟೆ. ವಿರಾಕ್ ಬೀಸಣಿಗೆ ಬೀಸಿದರೆ ಸಹಿಸಲಾಗುವುದಿಲ್ಲ, ಅವನ ಕೈಗೆ ಹೊಡೆದುಬಿಟ್ಟೆ. ಪಾಪ, ಮೂಲೆಯಲ್ಲಿ ಕೂತು ಅಳುತ್ತಾನೆ. ಅಪ್ಪನಾಗುವವನು ಇಷ್ಟೊಂದು ಅಳುತ್ತಾನೆಯೇ? ಜೇಬಿನಲ್ಲಿ ಯಾವುದೋ ಮಡಿಸಿದ ಕಾಗದ ಇಟ್ಟುಕೊಂಡಿದ್ದಾನೆ, ಕೇಳಿದರೆ ಏನಿಲ್ಲ ಎನ್ನುತ್ತಾನೆ. ನಿದ್ದೆ ಬರುವುದಿಲ್ಲ. ಬಾವಲಿಗಳ ಸದ್ದು ಕಿವಿಯೊಳಗೇ ಇದೆ.

ಮಗುವಿಗೆ ಇಂಗ್ಲಿಷ್ ನೀನೇ ಕಲಿಸಬೇಕು. ಬಾ. ಆಣೆ ಗೀಣೆ ಎಲ್ಲ ಬಿಡು. ಬರುವಾಗ ಐಸ್ ತಾ. ಬೇಡ, ಐಸ್ ಎಂದು ಬರೆಯುವಾಗಲೇ ಗಂಟಲು

ಆಮೇಲೆ ಬರೆಯುತ್ತೇನೆ. ಹೆಂಗ್ ಮಾಮ ಹೊರಟಿದ್ದಾನೆ.

ನಿನ್ನ ಹುಚ್ಚಿ


ತ್ನೋತ್ ಗ್ರಾಮ
ಸೆಪ್ಟೆಂಬರ್ ೧೦, ೨೦೦೩

ಮಗಳು ನಿಮೊಲ್‌ಗೆ,

ವಿರಾಕ್‌ನ ಅಮ್ಮ, ನಿನ್ನ ಪಕ್ಕದ ಮನೆಯ ಚಿಕ್ಕಮ್ಮ, ಮಿಂಗ್ ಸಾರುನ್ ಹೇಳಿ ಬರೆಸುವುದು. ನೀನು ಕ್ಷೇಮವೆಂದು ಹೆಂಗ್ ಹೇಳಿದ.

ನಮ್ಮ ಸೊಸೆ ಹೋದದ್ದು ನಿನಗೆ ಗೊತ್ತಾಗಿದೆ. ಆಗಸ್ಟ್ ಹುಟ್ಟುವ ಮೊದಲೇ ಹೋದಳು. ಬಸಿರೆಂದು ಎಲ್ಲರೂ ನಂಬಿದ್ದೆವು, ಬಸಿರೂ ಇರಲಿಲ್ಲ. ಅವಳ ತಂದೆ ತಾಯಿ ಬಂದು ಬಹಳ ಗಲಾಟೆ ಮಾಡಿದರು. ಯಾರಿಗೆ ಏನು ಹೇಳುವುದು, ವಿಧಿ. ಅವಳನ್ನು ನಾಯಿ ಕಚ್ಚಿತ್ತು. ಕರಿಯನನ್ನು ಅವಳೇ ತಲೆಗೇರಿಸಿಕೊಂಡಿದ್ದಳು, ತಟ್ಟೆಯಿಂದಲೇ ತಿನ್ನಿಸುತ್ತಿದ್ದಳು. ಅಂಥ ತಾಯಿಗೆ ಹುಟ್ಟಿದ ನಾಯಿ ಇನ್ನೇನು ಮಾಡುತ್ತದೆ. ಅದನ್ನು ಹೊಡೆದು ಹಾಕಿದ್ದೇವೆ. ವಿರಾಕ್ ಕೈಯಿಂದಲೇ ಮಾಡಿಸಿದೆ, ಊರಿನವರ ಮುಂದೆ. ಓಡಿಹೋಗಲೂ ಇಲ್ಲ, ಬಾಲ ಆಡಿಸುತ್ತ ನಿಂತಿತ್ತು. ಈಗ ಅಂಗಳದಲ್ಲಿ ಯಾವ ಭಯವೂ ಇಲ್ಲ.

ಪಿತೃಪಕ್ಷ ಹತ್ತಿರ ಬಂತು. ಅವಳಿಗೂ ನಿನ್ನ ಅಪ್ಪನಿಗೂ ವಿಹಾರದಲ್ಲಿ ಅನ್ನದುಂಡೆ ಎಸೆಯುತ್ತೇನೆ. ನಿನ್ನ ಅಪ್ಪ ಒಳ್ಳೆಯ ಮನುಷ್ಯ. ನನಗೆ ಯಾರ ಮೇಲೂ ಹಗೆಯಿಲ್ಲ.

ಮುಖ್ಯ ಮಾತು. ಮನೆಯಲ್ಲಿ ಹೆಣ್ಣಿಲ್ಲ. ನನ್ನ ಸೊಂಟ ಬಗ್ಗುವುದಿಲ್ಲ, ಹಿಕ್ಕೆ ಬಲೆಯಲ್ಲೇ ಹುಳ ಬೀಳುತ್ತಿದೆ. ಈ ಹುಡುಗ ಮಾತನಾಡುವುದಿಲ್ಲ. ಪಟ್ಟಣದ ಹುಡುಗಿಯ ಕೈ ಬಾವಲಿಗಳಿಗೆ ಹಿಡಿಸಲಿಲ್ಲ, ಒಂದು ಮರ ಪೂರ್ತಿ ಬಿಟ್ಟು ಹೋಗಿವೆ. ನೀನು ಇಲ್ಲೇ ಹುಟ್ಟಿದವಳು, ಕೆಲಸ ಗೊತ್ತು, ಮಾತು ಕಡಿಮೆ. ಅಂದು ವೀಳ್ಯ ಅಡಿಕೆ ವಾಪಸ್ ತರಿಸಿಕೊಂಡದ್ದು ನನ್ನ ದುಡುಕು ಎಂದೇ ಇಟ್ಟುಕೋ. ಅದೇ ಹಿತ್ತಾಳೆ ತಟ್ಟೆ ಉಜ್ಜಿ ಇಟ್ಟಿದ್ದೇನೆ. ನೂರನೇ ದಿನದ ಕಾರ್ಯ ಮುಗಿಯಲಿ, ನೀನು ಹೂಂ ಎಂದರೆ ಕಳಿಸುತ್ತೇನೆ. ಮರಿ ಹಾಕುವ ಕಾಲಕ್ಕೆ ಮೊದಲು ಮನೆ ತುಂಬಿಸಿಕೊಳ್ಳಬೇಕು. ಹೊಸ ಸೊಸೆಯ ಕೈ ಅವಕ್ಕೆ ಗೊತ್ತಾಗಬೇಕು.

ಮಿಂಗ್ ಸಾರುನ್, ಹೆಬ್ಬೆಟ್ಟಿನ ಗುರುತು

ನಿಮೊಲ್, ಈ ಕೆಳಗಿನದು ನಾನು ಬರೆಯುತ್ತಿರುವುದು. ಅಮ್ಮ ಎದುರಿಗೇ ಕೂತು, ಇನ್ನೂ ಏನು ಬರೀತಿದೀಯ ಎನ್ನುತ್ತಾಳೆ, ವಿಳಾಸ ಎಂದಿದ್ದೇನೆ. ಬೊಂಬೆಯ ಕೈಯಲ್ಲಿದ್ದ ಕೈಗವಸುಗಳು ಮಳೆಗೆ ಕೊಳೆತುಹೋದವು. ಬರುವುದಾದರೆ ಇನ್ನೊಂದು ಜೊತೆ ತಾ.

ವಿರಾಕ್